ಮಲೆನಾಡಿನ ಮಳೆಯಲ್ಲಿ ಕ್ಲಾರಿನೆಟ್, ಶ್ರುತಿ ಪೆಟ್ಟಿಗೆ, ಟ್ಯಾಬ್ ಒಟ್ಟಿಗೆ ಒಯ್ಯುವುದು ಹೇಗೆ?

ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಸಾಗರ, ಶೃಂಗೇರಿ ಕಡೆ ಕಾರ್ಯಕ್ರಮಗಳಿಗೆ ಬಸ್ಸಿನಲ್ಲಿ ಓಡಾಡುತ್ತೀರಿ. ಮರದ ಕ್ಲಾರಿನೆಟ್, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಟ್ಯಾಬ್, ಪವರ್ ಬ್ಯಾಂಕ್ ಎಲ್ಲವನ್ನೂ ಒಂದೇ ಬ್ಯಾಗಿಗೆ ಹಾಕಿ ನಡುವೆ ನಾಲ್ಕು ಪೊಟ್ಟಣ ಸಿಲಿಕಾ ಜೆಲ್ ಇಟ್ಟರೆ ಸಾಕೇ ಎಂದು ಕೇಳಿದ್ದೀರಿ. ಒಂದೇ ಬ್ಯಾಗು ಆಗಬಹುದು, ಒಂದೇ ಡಬ್ಬ ಬೇಡ.

ಎಲೆಕ್ಟ್ರಾನಿಕ್ ಸಾಮಾನಿನ ಸುತ್ತಲಿನ ಗಾಳಿ ಎಷ್ಟು ಒಣಗಿದ್ದರೂ ಚಿಂತೆಯಿಲ್ಲ. ಮರಕ್ಕೆ ಹಾಗಲ್ಲ. ಕ್ಲಾರಿನೆಟ್ ಮಾಡುವ ಆಫ್ರಿಕನ್ ಬ್ಲ್ಯಾಕ್‌ವುಡ್ ನೀರಿನಲ್ಲಿ ಮುಳುಗುವಷ್ಟು ಭಾರದ ಗಟ್ಟಿ ಮರ. ಆದರೂ ಅದು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಸುತ್ತ ಆರ್ದ್ರತೆ ಶೇ. 45ರಿಂದ 60ರೊಳಗೆ ಇದ್ದರೆ ಒಳ್ಳೆಯದು. ಬಿಗಿಯಾಗಿ ಮುಚ್ಚಿದ ಡಬ್ಬದಲ್ಲಿ ಹೊಸ ಸಿಲಿಕಾ ಜೆಲ್ ಇದನ್ನು ಶೇ. 30ಕ್ಕೂ ಕೆಳಗೆ ಇಳಿಸಬಲ್ಲದು. ಹೊರಗೆ ಜಡಿಮಳೆ, ಒಳಗೆ ಬರ. ಹಾಗೆ ಒಣಗಿದ ಮರಕ್ಕೆ ಮಂಟಪದಲ್ಲಿ ಬಿಸಿ ಉಸಿರು ಊದಿದಾಗ ಒಳಗೋಡೆ ತೇವದಿಂದ ಹಿಗ್ಗುತ್ತದೆ, ಹೊರಗೋಡೆ ಹಿಗ್ಗುವುದಿಲ್ಲ. ಬಿರುಕು ಬೀಳುವುದು ಈ ಎಳೆದಾಟದಿಂದ, ಅದೂ ಹೆಚ್ಚಾಗಿ, ಬಿಚ್ಚಿ ಜೋಡಿಸುವ ತುಂಡುಗಳಲ್ಲಿ ಒಂದಾದ ಮೇಲಿನ ಜಾಯಿಂಟ್‌ನಲ್ಲಿ, ತೂತುಗಳು ಒತ್ತೊತ್ತಾಗಿರುವ ಕಡೆ.

ಆದ್ದರಿಂದ ಸಿಲಿಕಾ ಜೆಲ್ ಎಲೆಕ್ಟ್ರಾನಿಕ್ಸ್ ಡಬ್ಬಕ್ಕೆ ಮಾತ್ರ. ಮುಚ್ಚಳಕ್ಕೆ ರಬ್ಬರ್ ರಿಂಗ್ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬ ಸಾಕು. ಐದು ಲೀಟರಿನ ಡಬ್ಬಕ್ಕೆ 50 ಗ್ರಾಂ ಜೆಲ್ ಹಾಕಿ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಜಾತಿಯದನ್ನೇ ಕೊಳ್ಳಿ. ಹಸಿರಾಯಿತೆಂದರೆ ಅದರ ಹೊಟ್ಟೆ ತುಂಬಿದೆ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಬಣ್ಣದ ಹಳೆಯ ಜಾತಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಅಡುಗೆಮನೆಯೊಳಗೆ ತರಬೇಡಿ.

ಕ್ಲಾರಿನೆಟ್ ಕೇಸಿಗೆ ಶೇ. 49 ಎಂದು ಗುರುತಿರುವ, ತೇವ ಹೆಚ್ಚಾದರೆ ಹೀರುವ, ಕಡಿಮೆಯಾದರೆ ಬಿಡುವ ಪೊಟ್ಟಣ ಸಿಗುತ್ತದೆ. ಅದೊಂದನ್ನು ಹಾಕಿ, ಇಡೀ ಕೇಸನ್ನು ದೊಡ್ಡ ಜಿಪ್ ಕವರಿನೊಳಗೆ ಮುಚ್ಚಿ. ಕವರಿಲ್ಲದಿದ್ದರೆ ಗಾಜನೂರು ದಾಟಿ ಮಂಡಗದ್ದೆ ಮುಟ್ಟುವಷ್ಟರಲ್ಲಿ ಪೊಟ್ಟಣ ಹೊರಗಿನ ಗಾಳಿಯೊಂದಿಗೆ ಗುದ್ದಾಡಲು ಶುರುಮಾಡಿರುತ್ತದೆ, ಕೆಲವೇ ದಿನಗಳಲ್ಲಿ ಸೋಲುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯ ಮಳೆಯನ್ನು ಒಂದು ಪೊಟ್ಟಣ ಒಣಗಿಸಲಾರದು.

ಜೊತೆಗೆ ಗಾಳಿಯ ತೇವ ಅಳೆಯುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಒಂದನ್ನು ಕೇಸಿನಲ್ಲಿಡಿ. ಅಗ್ಗದ ಮೀಟರ್‌ಗಳು ಐದಾರು ಅಂಕ ತಪ್ಪು ತೋರಿಸುವುದು ಮಾಮೂಲಿ, ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ. ಮೀಟರಿನೊಂದಿಗೆ ಜಿಪ್ ಕವರಿನೊಳಗೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಮುಂದೆ ಯಾವಾಗ ನೋಡಿದರೂ ಐದು ಕೂಡಿಸಿಕೊಳ್ಳಿ. ಮೀಟರ್ ಇಲ್ಲದೆಯೂ ಒಂದು ಗುರುತು ಇದೆ: ಬ್ಯಾರೆಲ್ (ಬಾಯಿತುಂಡಿನ ಕೆಳಗಿನ ಗಿಡ್ಡ ಕೊಳವೆ) ಮತ್ತು ಬೆಲ್‌ಗೆ (ಕೊನೆಯ ಅಗಲ ಬಾಯಿ) ಹಾಕಿರುವ ಲೋಹದ ಉಂಗುರಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಮರ ಕುಗ್ಗಿದೆ, ಅಂದರೆ ಒಣಗಿದೆ. ಜನವರಿ ನಂತರ ಇದನ್ನು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು.

ಮಳೆಗಾಲದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಹಾಳು ಮಾಡುವುದು ಒಳಗೇ ಉಳಿದ ನೀರು. ನುಡಿಸಿ ಮುಗಿದ ತಕ್ಷಣ ರೀಡ್ (ಊದುವ ಕಡೆಯ ತೆಳು ಪಟ್ಟಿ) ಬಿಚ್ಚಿ, ನೀರು ಒರೆಸಿ, ಚಪ್ಪಟೆ ಗಾಜಿನ ಅಥವಾ ಪ್ಲಾಸ್ಟಿಕ್ ತಳವಿರುವ ರೀಡ್ ಕೇಸಿಗೆ ಹಾಕಿ. ಪ್ರತಿ ಜಾಯಿಂಟಿನೊಳಗೂ ಸ್ವಾಬ್ ಬಟ್ಟೆಯನ್ನು ಎರಡು ಮೂರು ಸಲ ಎಳೆಯಿರಿ. ಟೆನನ್‌ಗಳ (ಒಂದು ಜಾಯಿಂಟ್ ಇನ್ನೊಂದರೊಳಗೆ ಕೂರುವ, ಕಾರ್ಕ್ ಸುತ್ತಿದ ಕೊನೆ) ತುದಿ, ಅವು ಕೂರುವ ಸಾಕೆಟ್‌ಗಳ ಒಳಭಾಗವನ್ನು ಬೇರೆ ಬಟ್ಟೆಯಿಂದ ಒರೆಸಿ. ಅಲ್ಲಿ ನಿಂತ ಹನಿಯೇ ಮರವನ್ನು ಉಬ್ಬಿಸಿ ಜಾಯಿಂಟ್ ಸಿಕ್ಕಿಕೊಳ್ಳುವಂತೆ ಮಾಡುವುದು. ಆಮೇಲೆ, ಬಹಳ ಜನ ಮಾಡುವ ಕೆಲಸವೊಂದನ್ನು ನೀವು ಮಾಡಬೇಡಿ: ಒದ್ದೆ ಸ್ವಾಬನ್ನು ಕೇಸಿನೊಳಗೆ ತುರುಕಬೇಡಿ. ಒರೆಸಿ ತೆಗೆದ ನೀರನ್ನೇ ಮತ್ತೆ ಒಳಗಿಟ್ಟು ಬೀಗ ಹಾಕಿದ ಹಾಗೆ ಅದು. ಎರಡು ದಿನದಲ್ಲಿ ತೂತು ಮುಚ್ಚುವ ಪ್ಯಾಡ್‌ಗಳು ಉಬ್ಬುತ್ತವೆ, ಸೂಜಿ ಸ್ಪ್ರಿಂಗ್‌ಗಳಿಗೆ ತುಕ್ಕು ಹತ್ತುತ್ತದೆ, ಕೇಸಿನ ವೆಲ್ವೆಟ್‌ಗೆ ಬೂಷ್ಟು ಹಿಡಿಯುತ್ತದೆ. ಸ್ವಾಬ್ ಬ್ಯಾಗಿನ ಹೊರಜೇಬಿನಲ್ಲಿ ಇರಲಿ.

ಮನೆಗೆ ಬಂದ ಮೇಲೆ ಕೇಸನ್ನು ಫ್ಯಾನಿನ ಗಾಳಿ ನೇರವಾಗಿ ಬೀಳದ ಕಡೆ ಒಂದು ಗಂಟೆ ತೆರೆದಿಡಿ. ಬಚ್ಚಲೊಲೆಯ ಹತ್ತಿರ ಬಟ್ಟೆ ಒಣಗಿಸುವಂತೆ ಕ್ಲಾರಿನೆಟ್ ಒಣಗಿಸಲು ಹೋಗಬೇಡಿ. ಶಾಖಕ್ಕೆ ಪ್ಯಾಡ್ ಹಿಡಿದಿರುವ ಅಂಟು ಕರಗಿ ಪ್ಯಾಡ್ ಓರೆಯಾಗುತ್ತದೆ, ಮರವೂ ಒಂದೇ ಕಡೆ ಒಣಗುತ್ತದೆ. ರೀಡ್‌ಗೆ ಕಪ್ಪು ಚುಕ್ಕೆ ಬಿದ್ದರೆ ಎಸೆದುಬಿಡಿ, ಅದು ಬಾಯಿಗೆ ಹೋಗುವ ವಸ್ತು. ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸಿದರೆ ಪ್ರತಿಯೊಂದಕ್ಕೂ ಪೂರ್ತಿ ಒಣಗಲು ಸಮಯ ಸಿಗುತ್ತದೆ.

ಬಸ್ಸಿನ ವಿಷಯ. ಹಿಂದಿನ ಸೀಟು ಬೇಡ, ಗುಂಡಿಗೆ ಅತಿ ಹೆಚ್ಚು ಎಗರುವುದು ಅದೇ. ಕಿಟಕಿ ಪಕ್ಕವೂ ಬೇಡ, ಮುಚ್ಚಿದ ಗಾಜಿನ ಸಂದಿಯಿಂದಲೂ ನೀರು ಇಳಿಯುತ್ತದೆ. ಡಿಕ್ಕಿಗೆ ಕೊಡಲೇಬೇಡಿ. ಬ್ಯಾಗಿನ ಮೇಲಿನ ರೇನ್‌ಕವರ್ ನಿಮ್ಮ ಬೆನ್ನಿನ ಕಡೆ ಮುಚ್ಚುವುದಿಲ್ಲ. ಕತ್ತಿನಿಂದ ಇಳಿದ ನೀರು ಪಟ್ಟಿಗಳ ಗುಂಟ ಒಳಗೆ ಸೇರುತ್ತದೆ. ಬ್ಯಾಗಿನೊಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ಇಟ್ಟು ಬಾಯಿ ಸುತ್ತಿ ಮಡಚುವುದೇ ಗಟ್ಟಿ ಉಪಾಯ. ಕೇಸನ್ನು ತೊಡೆಯ ಮೇಲೆ, ಕೀಗಳು ಮೇಲ್ಮುಖವಾಗಿರುವಂತೆ ಇಟ್ಟುಕೊಳ್ಳಿ. ಕೇಸಿನ ಲಾಚ್ ನಂಬಬೇಡಿ, ಸುತ್ತ ಒಂದು ಬೆಲ್ಟ್ ಬಿಗಿಯಿರಿ.

ಘಟ್ಟದ ರಸ್ತೆಯ ಅದುರಿಕೆಗೆ ಕೀಗಳ ತುದಿಯ ಪಿವಟ್ ಸ್ಕ್ರೂಗಳು ನಿಧಾನವಾಗಿ ಹೊರಬರುತ್ತವೆ. ನುಡಿಸುವ ಮೊದಲು ಪ್ರತಿಯೊಂದನ್ನೂ ಬೆರಳಿನಿಂದ ಸವರಿ ನೋಡಿ. ಮೇಲೆದ್ದಿದ್ದರೆ ಎರಡು ಮಿ.ಮೀ. ಚಪ್ಪಟೆ ತುದಿಯ ಸ್ಕ್ರೂಡ್ರೈವರಿನಿಂದ ಕೂರಿಸಿ, ಕೀ ಸಲೀಸಾಗಿ ಏಳುತ್ತಿದೆಯೇ ನೋಡಿ. ಪದೇ ಪದೇ ಸಡಿಲವಾಗುವ ಸ್ಕ್ರೂವಿನ ತಲೆಯ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ ಸಾಕು.

ಅವಸರದಲ್ಲಿ ಜೋಡಿಸುವಾಗ ಬಾಗುವುದು ಎರಡು ಜಾಯಿಂಟ್‌ಗಳ ನಡುವಿನ ಬ್ರಿಡ್ಜ್ ಕೀ. ಎಡಗೈಯಲ್ಲಿ ಮೇಲಿನ ಜಾಯಿಂಟ್ ಹಿಡಿದು ಅದರ ಉಂಗುರದ ಕೀ ಒತ್ತಿ. ಬ್ರಿಡ್ಜಿನ ಮೇಲಿನ ತುಂಡು ಏಳುತ್ತದೆ. ಅದು ಎದ್ದಿರುವಾಗಲೇ ಕೆಳಗಿನ ಜಾಯಿಂಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸೇರಿಸಿ. ಜಾಯಿಂಟ್ ಸಿಕ್ಕಿಕೊಂಡರೆ ಕೀ ಹಿಡಿದು ತಿರುಚಬೇಡಿ. ಒಣ ಜಾಗದಲ್ಲಿ ಕೆಲವು ಗಂಟೆ ಬಿಡಿ, ತಾನಾಗಿ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಊಟದ ಬಿಡುವಿನಲ್ಲೂ ಜೋಡಿಸಿಟ್ಟು ಹೋಗಬೇಡಿ ಎನ್ನುವುದು ಇದಕ್ಕೇ.

ಜೇಬಿನಲ್ಲಿ ಇರಬೇಕಾದ ಚಿಲ್ಲರೆ ಸಾಮಾನು: ಸಿಗರೇಟ್ ಸುತ್ತುವ ತೆಳು ಕಾಗದ (ತೂತಿನಲ್ಲಿ ನೀರು ಗುಳುಗುಳು ಅಂದರೆ ಪ್ಯಾಡಿನಡಿ ಇಟ್ಟು ಒತ್ತಿ ಹೀರಿಸಲು, ಪೌಡರ್ ಹಾಕಬೇಡಿ, ಅಂಟಾಗುತ್ತದೆ), ಕಾರ್ಕ್ ಗ್ರೀಸ್, ಸಣ್ಣ ರಬ್ಬರ್ ಬ್ಯಾಂಡ್ (ಮುರಿದ ಸ್ಪ್ರಿಂಗಿನ ಕೆಲಸ ಒಂದು ಸಂಜೆಗೆ ಮಾಡುತ್ತದೆ), ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪ್. ಟೆನನ್ನಿನ ಕಾರ್ಕ್ ಎದ್ದುಹೋದರೆ ಈ ಟೇಪ್ ನಾಲ್ಕಾರು ಸುತ್ತು ಸುತ್ತಿ ಕಾರ್ಯಕ್ರಮ ಮುಗಿಸಬಹುದು, ತೀರ್ಥಹಳ್ಳಿಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಗಣಪತಿ ಮೆರವಣಿಗೆಯಂಥ ಬಯಲಿನ ಕಾರ್ಯಕ್ರಮಕ್ಕೆ ಮಾತ್ರ ಮರದ್ದನ್ನು ಮನೆಯಲ್ಲೇ ಬಿಡಿ. ಯಮಹಾ ವೈಸಿಎಲ್-255ನಂಥ ಎಬಿಎಸ್ ಪ್ಲಾಸ್ಟಿಕ್ ಕ್ಲಾರಿನೆಟ್ ಬಿರಿಯುವುದಿಲ್ಲ. ಪ್ಯಾಡ್, ಸ್ಪ್ರಿಂಗ್ ಮಾತ್ರ ಒರೆಸಿ ನೋಡಿಕೊಂಡರಾಯಿತು.

ಶ್ರುತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕೊಳವೆಯ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಸ್ವರ ಸುಮಾರು ಮೂರು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್) ಇಳಿಯುತ್ತದೆ. ಶ್ರುತಿ ಪೆಟ್ಟಿಗೆಗೆ ಚಳಿ ಬಿಸಿಲಿನ ಹಂಗಿಲ್ಲ. ಡಿಸೆಂಬರ್ ಬೆಳಗಿನ ಮುಹೂರ್ತದಲ್ಲಿ ಕೇಸಿನಿಂದ ತೆಗೆದೊಡನೆ ಶ್ರುತಿ ಸೇರಿಸಿದರೆ, ಉಸಿರಿಗೆ ಮರ ಬಿಸಿಯಾಗುತ್ತಿದ್ದಂತೆ ನೀವು ಪೆಟ್ಟಿಗೆಗಿಂತ ಮೇಲೇರಿರುತ್ತೀರಿ. ಮೇಲಿನ ಜಾಯಿಂಟನ್ನು ಮೊದಲು ಕಂಕುಳಲ್ಲಿಟ್ಟು ಹೊರಗಿನಿಂದ ಬೆಚ್ಚಗೆ ಮಾಡಿ, ಹತ್ತು ನಿಮಿಷ ಕೆಳಸ್ಥಾಯಿಯಲ್ಲಿ ಮೆಲ್ಲಗೆ ಊದಿ, ಆಮೇಲೆ ಬ್ಯಾರೆಲ್ ಎಳೆದು ಸೇರಿಸಿ. ಬಿರುಕು ತಪ್ಪಿಸುವ ದಾರಿಯೂ ಇದೇ.

ಮಂಟಪದಲ್ಲಿ ಕರೆಂಟ್ ಹೋಗಿ ಜನರೇಟರ್ ಹತ್ತುವ ಗಳಿಗೆ ಅಡಾಪ್ಟರ್‌ಗೆ ಕೆಟ್ಟದ್ದು. ಶ್ರುತಿ ಪೆಟ್ಟಿಗೆಯನ್ನು ಸೆಲ್ಲಿನಲ್ಲೇ ನುಡಿಸಿ, ಇಲ್ಲವೇ ಸ್ಪೈಕ್ ಗಾರ್ಡ್ ಮೂಲಕ ಮಾತ್ರ ಹಾಕಿ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ ಹೊರಗೆ ತೆಗೆಯಿರಿ, ಸೋರಿದ ಸೆಲ್ ಸ್ಪ್ರಿಂಗ್ ಕಾಂಟ್ಯಾಕ್ಟನ್ನು ತಿಂದುಹಾಕುತ್ತದೆ. ಎಸಿ ಬೋಗಿಯಿಂದ ಇಳಿದ ಕೂಡಲೇ ಟ್ಯಾಬ್ ತೆಗೆಯಬೇಡಿ: ತಣ್ಣಗಿನ ಗಾಜು, ಲೋಹದ ಮೇಲೆ ಪ್ಲಾಟ್‌ಫಾರ್ಮಿನ ತೇವ ಹನಿಗಟ್ಟುತ್ತದೆ. ಡಬ್ಬ ಮುಚ್ಚಿದ್ದಂತೆಯೇ ಅರ್ಧ ಗಂಟೆ ಬಿಡಿ. ಚಾರ್ಜಿಂಗ್ ಪೋರ್ಟ್ ಒದ್ದೆಯಾದರೆ ಚಾರ್ಜಿಗೆ ಹಾಕದೆ, ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ಅಕ್ಕಿ ಡಬ್ಬದಲ್ಲಿ ಹೂತರೆ ಪೋರ್ಟಿಗೆ ಹುಡಿ ಸೇರುತ್ತದೆ, ಅಷ್ಟೆ.

ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಿಂದ ವಿಮಾನ ಹತ್ತುವುದಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಮಿತಿ 100 ವ್ಯಾಟ್ ಅವರ್. 20,000 ಎಂಎಎಚ್ ಅಂದರೆ 20 ಗುಣಿಲೆ 3.7, ಅಂದರೆ 74, ಚಿಂತೆಯಿಲ್ಲ. ಸ್ಕ್ರೂಡ್ರೈವರ್ ಮಾತ್ರ ಚೆಕ್-ಇನ್‌ಗೆ ಹಾಕಿ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಕ್ಲಾರಿನೆಟ್ ಕೈಯಲ್ಲೇ ಇರಲಿ. ಎಟಿಆರ್‌ನಂಥ ಸಣ್ಣ ವಿಮಾನಗಳ ತಲೆಮೇಲಿನ ಕಪಾಟು ಚಿಕ್ಕದು, ಆದ್ದರಿಂದ ಬಿಡಿಭಾಗ ಪಕ್ಕಪಕ್ಕ ಕೂರುವ ಸಣ್ಣ ಕೇಸ್ ಇಟ್ಟುಕೊಳ್ಳಿ. ಎಕ್ಸ್‌ರೇಯಲ್ಲಿ ಕೀಗಳ ಕಡ್ಡಿಗಳು ಕಂಡು ತೆರೆಯಲು ಹೇಳಿದರೆ, ಕೇಸನ್ನು ನೀವೇ ತೆರೆದು, ಜಾಯಿಂಟ್‌ಗಳನ್ನು ನೀವೇ ಎತ್ತಿ ತೋರಿಸಿ.