ಎರಡು ಬ್ಯಾಚ್ ಮಾಡಿ ವಾಕಿಟಾಕಿ ಕೊಟ್ಟರೆ ಸಾಕಾ? ಬ್ಯಾಚೇ ಮಾಡಬೇಡಿ

ಹದಿನೆಂಟು ಜನ, ಅರ್ಧ ಮಂದಿ ಚುರುಕು, ಅರ್ಧ ಮಂದಿ ನಿಧಾನ. ಎರಡು ಬ್ಯಾಚ್ ಮಾಡಿ ವಾಕಿಟಾಕಿ ಕೊಟ್ಟರೆ ಮಳೆಗಾಲದಲ್ಲಿ ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ಕಡೆ ಟ್ರೆಕ್ ಮಾಡಬಹುದಾ, ಎಷ್ಟು ಕಿಲೋಮೀಟರ್ ರೇಂಜಿನದು ಕೊಳ್ಳಬೇಕು ಅಂತ ಕೇಳಿದ್ದೀರಿ. ನಮ್ಮದೇ ಹಳೇ ವಾಟ್ಸಾಪ್ ಗ್ರೂಪಿನ ಮೆಸೇಜು ಓದಿದ ಹಾಗಾಯ್ತು.

ನಾವೂ ಪುಣೆಯ ಕನ್ನಡದವರೇ. ಹಿಂಜೆವಾಡಿ, ವಾಕಡ್, ಚಿಂಚವಾಡದಲ್ಲಿ ಹರಡಿಕೊಂಡ ಬೆಳಗಾವಿ, ಧಾರವಾಡ, ವಿಜಯಪುರದ ಮಂದಿ. ಹೋಗಿದ್ದು ಅಂಧಾರಬನ ಅನ್ನುವ ದಟ್ಟ ಕಾಡಿನ ದಾರಿಗೆ. ಪಿಂಪ್ರಿಯಿಂದ ಶುರು (ಚಿಂಚವಾಡದ ಪಕ್ಕದ ಪಿಂಪ್ರಿ ಅಲ್ಲ, ತಾಮ್ಹಿಣಿ ಘಾಟಿನ ಹತ್ತಿರದ ಹಳ್ಳಿ, ನಮ್ಮಲ್ಲೊಬ್ಬ ಇದನ್ನೂ ಗೊಂದಲ ಮಾಡಿಕೊಂಡಿದ್ದ), ನಡುವೆ ಹಿರ್ಡಿ, ಕೊನೆಗೆ ಕಡಿದಾದ ಇಳಿಜಾರು ಇಳಿದು ಭೀರಾ. ಬಸ್ಸು ಸುತ್ತು ಹಾಕಿ ಭೀರಾದಲ್ಲಿ ಕಾಯಬೇಕು. ಅಂದರೆ ಅರ್ಧ ದಾರಿ ದಾಟಿದ ಮೇಲೆ ಹಿಂದಕ್ಕೆ ಬರುವ ಯೋಚನೆ ಯಾರಿಗೂ ಇರುವುದಿಲ್ಲ.

ಮೂರು ವಾಕಿಟಾಕಿ ಸೆಟ್ ತಂದಿದ್ದೆವು: ಮುಂದಿನವನ ಹತ್ತಿರ ಒಂದು, ನಡುವೆ ಒಂದು, ಕೊನೆಯಲ್ಲಿ ನನ್ನ ಹತ್ತಿರ ಒಂದು. ಸೆಟ್ ಇದೆ ಅಂದ ಕೂಡಲೇ ಏನಾಯ್ತು ಗೊತ್ತಾ? ಚುರುಕು ಮಂದಿ ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟರು. ಮೊದಲೆಲ್ಲ ಪ್ರತಿ ತಿರುವಿನಲ್ಲೂ ನಿಂತು ತಲೆ ಎಣಿಸುತ್ತಿದ್ದವರು, ‘ಏನರ ಇದ್ರ ಹೇಳ್ತಾರ ಬಿಡು’ ಅಂತ ನಡೆದುಬಿಟ್ಟರು.

ನಾವು ಹಿಂದಿನವರು ಒಂದು ಹಳ್ಳ ದಾಟುವಾಗ ಜೊತೆಗಿದ್ದವರೊಬ್ಬರು ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಮಣಿಕಟ್ಟು ಸೊಟ್ಟಗಾಗಿದ್ದು ನೋಡಿದರೇ ಗೊತ್ತಾಗುವಂತಿತ್ತು. ಫಸ್ಟ್ ಏಡ್ ಚೀಲ, ಹಗ್ಗ ಎರಡೂ ಮುಂದಿನವರ ಹತ್ತಿರ. ಸೆಟ್ ತೆಗೆದೆ. ಅದರಲ್ಲಿ ಆಗಲೇ ಮಾತು ಬರುತ್ತಿತ್ತು. ಸ್ಪಷ್ಟವಾಗಿ. ಭೀರಾದಲ್ಲಿ ಮಿಸಳ ಸಿಗತದೋ ಇಲ್ಲೋ, ಶೇಂಗಾ ಚಟ್ನಿ ಡಬ್ಬಿ ಯಾರ ಬ್ಯಾಗಿನಾಗ ಅದ, ಅಂತೆಲ್ಲ. ನಾನು ಬಟನ್ ಒತ್ತಿ ಕೂಗಿದೆ, ಬಿಟ್ಟೆ, ಕೇಳಿಸಿಕೊಂಡೆ: ಮತ್ತೆ ಅದೇ ಚಟ್ನಿ. ಮತ್ತೆ ಕೂಗಿದೆ. ಯಾರೋ ಹಾಡು ಶುರು ಮಾಡಿದರು.

ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸೆಟ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ. ವಾಕಿಟಾಕಿಯ ಎಡಬದಿಗೆ ಮಾತಾಡುವ ಬಟನ್ ಇರುತ್ತದೆ, ಪಿಟಿಟಿ ಅಂತಾರೆ. ನೋಡದೆ ಒತ್ತಲು ಬರಲಿ ಅಂತ ದೊಡ್ಡದಾಗಿ, ಉಬ್ಬಿಕೊಂಡೇ ಇರುತ್ತದೆ. ಮುಂದಿನವನು ಮಳೆ ಜೋರಾಯಿತು ಅಂತ ಸೆಟ್ಟನ್ನು ಬ್ಯಾಗಿನ ಪಕ್ಕದ ಜೇಬಿಗೆ, ನೀರಿನ ಬಾಟಲಿಯ ಬಗಲಿಗೆ ತುರುಕಿ, ಮೇಲೆ ರೇನ್ ಕವರ್ ಎಳೆದಿದ್ದ. ಕವರಿನ ಎಲಾಸ್ಟಿಕ್ ಬಾಟಲಿಯನ್ನು ಬಿಗಿದು, ಬಾಟಲಿ ಬಟನ್ನನ್ನು ಒತ್ತಿ ಹಿಡಿದಿತ್ತು. ಇವು ಫೋನಿನ ಹಾಗಲ್ಲ, ಕಳಿಸುವಾಗ ಕೇಳಿಸಿಕೊಳ್ಳುವುದಿಲ್ಲ. ಅವನ ಸೆಟ್ ಆ ಹೊತ್ತೆಲ್ಲ ಕಳಿಸುತ್ತಲೇ ಇತ್ತು, ಹಾಗಾಗಿ ಪೂರ್ತಿ ಕಿವುಡು. ನಾನು ಎಷ್ಟು ಕೂಗಿದರೂ ಅವನಿಗೆ ತಲುಪುವ ದಾರಿಯೇ ಇರಲಿಲ್ಲ.

ಹಾಗಾದರೆ ನಡುವಿನವನು? ಅವನು ಮುಂದಿನವನಿಗೆ ಹತ್ತಿರವಿದ್ದ. ಎಫ್‌ಎಂ ವಿಧಾನದ ಇಂಥ ಸೆಟ್ಟುಗಳಲ್ಲಿ ಒಂದೇ ಚಾನೆಲ್ಲಿಗೆ ಎರಡು ಸಿಗ್ನಲ್ ಬಂದರೆ ಜೋರಿನದು ಉಳಿಯುತ್ತದೆ, ಕ್ಷೀಣವಾದದ್ದು ಅಳಿಸಿಹೋಗುತ್ತದೆ. ಅವನಿಗೂ ಚಟ್ನಿಯೇ ಕೇಳಿಸಿತು. ‘ಏನ್ ಕಿರಿಕಿರಿ’ ಅಂತ ವಾಲ್ಯೂಮ್ ಇಳಿಸಿದ. ‘ಕೀ ಲಾಕ್ ಹಾಕೀನಲ್ಲೋ’ ಅಂತ ಮುಂದಿನವನು ಆಮೇಲೆ ವಾದ ಮಾಡಿದ. ಹಾಕಿದ್ದು ನಿಜ. ಆದರೆ ಬಹುಪಾಲು ಸೆಟ್ಟುಗಳಲ್ಲಿ ಕೀ ಲಾಕ್ ಚಾನೆಲ್ ಬದಲಾಗದಂತೆ ತಡೆಯುತ್ತದೆ ಅಷ್ಟೇ, ಪಿಟಿಟಿಯನ್ನು ತಡೆಯುವುದಿಲ್ಲ. ಕಷ್ಟದ ಹೊತ್ತಿನಲ್ಲಿ ಲಾಕ್ ತೆಗೆಯುತ್ತ ಕೂರಬಾರದು ಅಂತಲೇ ಹಾಗೆ ಮಾಡಿರುತ್ತಾರೆ.

ಇದರಿಂದ ಕಳೆದುಕೊಂಡದ್ದು ಹೊತ್ತು. ಅವರ ಮಾತು ಕೇಳುತ್ತಿದೆ ಅಂದಮೇಲೆ ರೇಂಜಿನಲ್ಲೇ ಇದ್ದಾರೆ, ಈಗ ಉತ್ತರ ಬರುತ್ತದೆ ಅಂತ ಹಳ್ಳದ ದಂಡೆಯಲ್ಲೇ ಕೂತೆವು. ಸೆಟ್ ಇರದಿದ್ದರೆ ಮೊದಲ ನಿಮಿಷದಲ್ಲೇ ಸೀಟಿ ಊದುತ್ತಿದ್ದೆವು, ಆಗ ಅವರು ಕೂಗಳತೆಯಲ್ಲೇ ಇದ್ದರು. ಕೂತಷ್ಟು ಹೊತ್ತೂ ಮೇಲೆ ಮಳೆ ಸುರಿಯುತ್ತಿತ್ತು, ಹಳ್ಳ ಏರಿತು, ಮುಂದಕ್ಕೆ ದಾಟುವ ದಾರಿ ಮುಚ್ಚಿತು. ಮುರಿದ ಕೈಗೆ ಓಢಣಿ ಕಟ್ಟಿ ಪಿಂಪ್ರಿಗೆ ವಾಪಸ್ ನಡೆದೆವು. ಕತ್ತಲಾಗುವ ಹೊತ್ತಿಗೆ ಊರಿನವರು ಬ್ಯಾಟರಿ ಹಿಡಿದು ಎದುರಿಗೆ ಬಂದರು. ಮುಂದಿನವರಿಗೆ ಗೊತ್ತಾಗಿದ್ದು ಹಿರ್ಡಿಯಲ್ಲಿ, ಬಾಟಲಿ ತೆಗೆಯಲು ಕೈ ಹಾಕಿದಾಗ ಸೆಟ್ ಬಿಸಿಯಾಗಿದ್ದು, ಚಾರ್ಜ್ ಮುಗಿಯುತ್ತ ಬಂದಿದ್ದು ನೋಡಿ. ಬಿದ್ದವರ ಮಣಿಕಟ್ಟಿಗೆ ಪ್ಲೇಟ್ ಹಾಕಿಸಬೇಕಾಯ್ತು.

ಈಗ ನಿಮ್ಮ ಪ್ರಶ್ನೆ. ಕಿಲೋಮೀಟರ್ ಲೆಕ್ಕ ಬಿಡಿ. ಡಬ್ಬಿಯ ಮೇಲಿನ ‘10 ಕಿಮೀ’ ಅನ್ನುವುದು ಇಬ್ಬರ ನಡುವೆ ಏನೂ ಅಡ್ಡವಿರದ ಬಯಲಿನ ಮಾತು. ಸಹ್ಯಾದ್ರಿಯ ಕಪ್ಪು ಕಲ್ಲಿನ ದಿಣ್ಣೆ ಅಡ್ಡ ಬಂದರೆ ಈ ಅಲೆಗಳು ಅಲ್ಲಿಗೇ ನಿಂತವು. ತೊಯ್ದ ಎಲೆಗಳ ಕಾಡೂ ಅದನ್ನು ಕುಡಿಯುತ್ತದೆ. ದಟ್ಟ ಕಾಡಿನಲ್ಲಿ ಕೆಲವು ನೂರು ಮೀಟರ್ ಸಿಕ್ಕರೆ ಸಿಕ್ಕಿತು ಅನ್ನಿ. ಹಾಗಂತ 5 ವಾಟಿನ ಚೀನಾ ಸೆಟ್ ತಗೋಳ್ತೀನಿ ಅನ್ನಬೇಡಿ. ಅದೂ ಕಲ್ಲು ದಾಟುವುದಿಲ್ಲ, ಮೇಲೆ ಲೈಸೆನ್ಸ್ ಇಲ್ಲದೆ ಬಳಸುವುದು ಅಪರಾಧ. ಸಾಮಾನ್ಯರಿಗೆ ಲೈಸೆನ್ಸ್ ಬೇಡವಾದ ವಾಕಿಟಾಕಿ ಅಂದರೆ 446.0ರಿಂದ 446.2 ಮೆಗಾಹರ್ಟ್ಸ್‌ನವು. ಕೊಳ್ಳುವಾಗ ಫ್ರೀಕ್ವೆನ್ಸಿ, ಇಟಿಎ (ಉಪಕರಣಕ್ಕೆ ಸರ್ಕಾರದ ಅನುಮೋದನೆ) ಸರ್ಟಿಫಿಕೇಟ್ ಎರಡನ್ನೂ ನೋಡಿ. ಆನ್‌ಲೈನ್‌ನಲ್ಲಿ ಸಿಕ್ಕ ಮಾತ್ರಕ್ಕೆ ಕಾನೂನುಬದ್ಧ ಅಂತೇನಿಲ್ಲ. ಇದೇ ಕಾರಣಕ್ಕೆ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಸ್ಯಾಟಲೈಟ್ ಫೋನಿನ ಯೋಚನೆ ಇದ್ದರೆ ಅದನ್ನೂ ಬಿಡಿ, ಅನುಮತಿ ಇಲ್ಲದೆ ಇಟ್ಟುಕೊಂಡರೆ ಪೊಲೀಸ್ ಕೇಸು.

ಎರಡು ಬ್ಯಾಚ್ ಮಾಡುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ನಿಧಾನದವರನ್ನು ಮುಂದೆ ಹಾಕಿ, ಚುರುಕಿನವರು ಅವರ ಹಿಂದೆ ನಡೆಯಲಿ. ಮುಖ ಉಬ್ಬಿಸಿಕೊಳ್ಳುತ್ತಾರೆ, ಉಬ್ಬಿಸಿಕೊಳ್ಳಲಿ. ಸೆಟ್ ಇರುವುದು ದೂರ ಹೋಗುವುದಕ್ಕಲ್ಲ, ಮಂಜು ಕವಿದಾಗ ಹತ್ತಿರವೇ ಇದ್ದೀವಿ ಅಂತ ಖಾತ್ರಿ ಮಾಡಿಕೊಳ್ಳಲು. ಅದು ಬ್ಯಾಗಿನೊಳಗೆ ಹೋಗಕೂಡದು. ಎದೆಯ ಮೇಲಿನ ಪಟ್ಟಿಗೆ, ಆಂಟೆನಾ ನೆಟ್ಟಗೆ ಮೇಲಕ್ಕೆ, ಬಟನ್ ಹೊರಮುಖ ಮಾಡಿ ಸಿಕ್ಕಿಸಿ. ಸತತವಾಗಿ ಒತ್ತಿಕೊಂಡರೆ ತಾನೇ ನಿಲ್ಲಿಸುವ ಟೈಮ್‌ಔಟ್ ಟೈಮರ್ ಇರುವ ಸೆಟ್ಟೇ ತಗೊಳ್ಳಿ, ಇದಕ್ಕೆ ನೂರಿನ್ನೂರು ಹೆಚ್ಚು ಕೊಟ್ಟರೂ ಪರವಾಗಿಲ್ಲ. ‘ಪ್ರೈವಸಿ ಕೋಡ್’ ಎಲ್ಲರದ್ದೂ ಒಂದೇ ಇರಲಿ, ಇಲ್ಲವೇ ಎಲ್ಲರದ್ದೂ ಆಫ್ ಇರಲಿ. ಅದು ಗುಟ್ಟು ಕಾಯುವುದಿಲ್ಲ. ಕೋಡ್ ಬೇರೆಯಾದರೆ ನಿಮ್ಮವರ ಮಾತೇ ನಿಮಗೆ ಕೇಳುವುದಿಲ್ಲ. ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಅಕ್ಷರಗಳು ಹೋಗುತ್ತವೆ. ‘ಬರಬ್ಯಾಡ್ರಿ’ ಅಂದದ್ದು ‘ಬ್ಯಾಡ್ರಿ’ ಅಂತ ಕೇಳಿ ಏನು ಬ್ಯಾಡ ಅಂತ ತಿಳಿಯದೆ ಒದ್ದಾಡುತ್ತಾರೆ.

ಅರ್ಧ ಗಂಟೆಗೊಮ್ಮೆ ಕರೆ ಮಾಡಿ. ಮೂರರಲ್ಲಿ ಒಂದು ಸೆಟ್ಟಿನಿಂದ ಉತ್ತರ ಬರದಿದ್ದರೂ ಮುಂದಿನವರು ಅಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯೂ ಇಡಬಾರದು. ಕೇಳುವುದು ಬರೀ ಕರಕರ, ಹರಟೆ ಆದರೆ ಅದೂ ಉತ್ತರವಲ್ಲ. ಆಗ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಕೇಳಿದವರು ಮೂರು ಊದಿ ಉತ್ತರ ಕೊಡಬೇಕು. ಫಸ್ಟ್ ಏಡ್ ಚೀಲ ಕೊನೆಯವನ ಬೆನ್ನಿಗೆ, ಯಾಕೆಂದರೆ ಬಿದ್ದವರು ಯಾವಾಗಲೂ ಹಿಂದೆಯೇ ಉಳಿಯುತ್ತಾರೆ.

ಇನ್ನು ತಾಮ್ಹಿಣಿ ಕಡೆ ಮಳೆಗಾಲದಲ್ಲಿ ಆಡಳಿತ ಆಗಾಗ ದಾರಿ ಮುಚ್ಚುತ್ತದೆ. ಹೊರಡುವ ಹಿಂದಿನ ದಿನ ವಿಚಾರಿಸಿ. ಮುಚ್ಚಿದ್ದರೆ ಸಿಂಹಗಡಕ್ಕೆ ಹೋಗಿ ಪಿಠಲ-ಭಾಕರಿ ತಿಂದು ಬನ್ನಿ. ತೆರೆದಿದ್ದರೂ ಹದಿನೆಂಟು ಜನ ಒಟ್ಟಿಗೆ ಬೇಡ, ಒಂಬತ್ತು ಒಂಬತ್ತು ಮಾಡಿ ಬೇರೆ ಬೇರೆ ಭಾನುವಾರ ಹೋಗಿ.