ತಂಗಿಗೆ ಐದು ತಿಂಗಳು, ನೋವಿನ ಮಾತ್ರೆ ಬಿಡೋಕಾಗ್ತಿಲ್ಲ

ಪ್ರಶ್ನೆ: ಮೇಡಂ, ನಾವು ಡೊಂಬಿವ್ಲಿಲಿ ಇರೋದು, ಊರು ಕುಂದಾಪುರ ಕಡೆ. ಮೂರು ವರ್ಷದ ಹಿಂದೆ ತಂಗಿ ಲೋಕಲ್ ಟ್ರೇನಿಂದ ಇಳಿಯುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು, ಆವಾಗ ಕೊಟ್ಟ ಟ್ರಮಡಾಲ್ ಮಾತ್ರೆ ಇನ್ನೂ ನಿಂತಿಲ್ಲ, ದಿನಕ್ಕೆ ಆರೇಳು ನುಂಗ್ತಾಳೆ. ಈಗ ಐದು ತಿಂಗಳ ಬಸುರಿ. ವಿಷಯ ಗೊತ್ತಾಗಿ ಅವಳ ಅತ್ತೆ ಎಲ್ಲಾ ಎಸೆದ್ರು, ಎರಡೇ ದಿನಕ್ಕೆ ವಾಂತಿ, ನಡುಕ, ಹೊಟ್ಟೆ ಹಿಡ್ಕೊಂಡು ಒದ್ದಾಟ, ಕೊನೆಗೆ ಹೇಗೋ ಮತ್ತೆ ತರಿಸ್ಕೊಂಡ್ಲು. ಡಾಕ್ಟರಿಗೆ ಹೇಳಿದ್ರೆ ಪೊಲೀಸ್ ಕೇಸ್ ಆಗುತ್ತಾ? ಮಗು ಚಟ ಹಿಡಿದೇ ಹುಟ್ಟುತ್ತಾ?

ಉತ್ತರ: ಅಮ್ಮಾ, ಮೊದಲು ಒಂದು ಮಾತು, ಮನೆಯಲ್ಲೇ ಮಾತ್ರೆ ಕಿತ್ಕೊಂಡು ಬಿಡಿಸೋ ಕೆಲಸ ಇನ್ನೊಮ್ಮೆ ಮಾಡ್ಬೇಡಿ. ಅತ್ತೆಯವರು ಕೂಸಿನ ಕಾಳಜಿಯಿಂದಲೇ ಮಾಡಿದ್ದು, ಆದ್ರೆ ಒಮ್ಮೆಲೇ ನಿಂತ್ರೆ ಆ ಒದ್ದಾಟ ಹೊಟ್ಟೆಯೊಳಗಿನ ಕೂಸಿಗೂ ತಾಗುತ್ತೆ, ದಿನ ತುಂಬೋಕೆ ಮುಂಚೆ ಹೆರಿಗೆ ನೋವು ಬರೋ ಭಯ ಇರುತ್ತೆ, ಹೀಗೆ ಬಿಟ್ಟವರು ಬಹಳ ಮಂದಿ ತಿರುಗಿ ಶುರು ಮಾಡ್ತಾರೆ. ಹಾಗಂತ ಆರೇಳು ಮಾತ್ರೆ ಮುಂದುವರಿಸೋದೂ ಬೇಡ, ಟ್ರಮಡಾಲ್ ಹೆಚ್ಚಾದ್ರೆ ಫಿಟ್ಸ್ ಬರಬಹುದು. ಈ ವಾರವೇ ಕರ್ಕೊಂಡು ಹೋಗಿ.

ಟ್ರಮಡಾಲ್ ಅಫೀಮು ಜಾತಿಯ ಮಾತ್ರೆ, ಇಂಥ ಚಟಕ್ಕೆ ಬಸುರಿಯರಿಗೆ ಕೊಡೋ ಚಿಕಿತ್ಸೆ ಅದೇ ಜಾತಿಯ ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್. ಬ್ಯೂಪ್ರೆನಾರ್ಫಿನ್ ಅಂದ್ರೆ ನಾಲಿಗೆ ಕೆಳಗಿಟ್ಟು ಕರಗಿಸೋ ಮಾತ್ರೆ, ಡಾಕ್ಟರ್ ಕಣ್ಣೆದುರೇ ಶುರು ಮಾಡ್ಬೇಕು. ಒಂದು ಚಟ ಬಿಡಿಸಿ ಇನ್ನೊಂದು ಹಚ್ತಾರೆ ಅಂತ ನೆಂಟರು ಹೇಳಬಹುದು, ಕಿವಿಗೆ ಹಾಕ್ಕೋಬೇಡಿ, ಇದರಿಂದ ಮೈ ಒಂದು ಹದಕ್ಕೆ ಬರುತ್ತೆ, ಅವಳು ಉಂಡು ಮಲಗ್ತಾಳೆ, ಚೆಕಪ್ ತಪ್ಪಿಸಲ್ಲ. ಕೊನೇ ತಿಂಗಳುಗಳಲ್ಲಿ ಡೋಸ್ ಏರಿಸಬೇಕಾದ್ರೂ ಗಾಬರಿ ಬೇಡ. ಮುಂಬೈ ಪರೇಲ್‌ನ ಕೆಇಎಂ ಥರ ಮಾನಸಿಕ ವಿಭಾಗ, ಹೆರಿಗೆ, ಎಳೆಗೂಸಿನ ಐಸಿಯು ಒಂದೇ ಕಡೆ ಇರೋ ಆಸ್ಪತ್ರೆ ಒಳ್ಳೇದು. ದಾರಿ ಕೇಳೋಕೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ.

ಪೊಲೀಸ್ ಭಯ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಯೋದು ಅವಳ ಹಕ್ಕು, ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತಲೂ ಇದೆ.

ಕೂಸಿಗೆ ಚಟ ಅನ್ನೋ ಪದವೇ ಬೇಡ ಅಮ್ಮಾ, ಚಟ ಅಂಟಿಸ್ಕೊಳ್ಳೋಕೆ ಅದಕ್ಕೇನು ಗೊತ್ತು. ಹೊಕ್ಕುಳಬಳ್ಳಿಯಿಂದ ಬರ್ತಿದ್ದ ಔಷಧ ನಿಂತಾಗ ಕೆಲವು ಮಕ್ಕಳು, ಹೆಚ್ಚಾಗಿ ಮೊದಲ ಮೂರು ದಿನದೊಳಗೆ, ಕಿರುಚಿ ಅಳ್ತಾರೆ, ನಡುಗ್ತಾರೆ, ಸೀನ್ತಾರೆ, ಹಾಲು ಸರಿಯಾಗಿ ಕುಡಿಯಲ್ಲ, ಭೇದಿ ಆಗುತ್ತೆ. ಇದು ವಾಸಿಯಾಗುತ್ತೆ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಬಟ್ಟೆ ಸುತ್ತಿ ತಾಯಿ ಎದೆಗೆ ಒತ್ಕೊಳ್ಳೋದು, ಇದೇ ಮೊದಲ ಮದ್ದು, ಸಾಲದಿದ್ರೆ ಮಾತ್ರ ಅಳೆದು ಮಾರ್ಫಿನ್ ಹನಿ. ಅಮೆರಿಕದ 26 ಆಸ್ಪತ್ರೆಗಳ 2023ರ ಅಧ್ಯಯನದಲ್ಲಿ, ಹಾಲು ಕುಡೀತಾ, ಮಲಗ್ತಾ, ಸಮಾಧಾನ ಆಗ್ತಾ ಅಂತ ಇಷ್ಟೇ ನೋಡಿ ಆರೈಕೆ ಮಾಡಿದ ಮಕ್ಕಳು ಸುಮಾರು 8 ದಿನಕ್ಕೆ ಮನೆಗೆ ಹೋಗೋ ಸ್ಥಿತಿಗೆ ಬಂದ್ರು, ಒಂದೊಂದು ಲಕ್ಷಣಕ್ಕೂ ಅಂಕ ಹಾಕಿ ನೋಡೋ ಹಳೇ ಕ್ರಮದಲ್ಲಿ ಸುಮಾರು 15 ದಿನ ಹಿಡಿದಿತ್ತು. ತಂಗಿ ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು ಬೇರೇನೂ ತಗೊಳ್ತಿಲ್ಲ ಅಂದ್ರೆ ಎದೆಹಾಲೂ ಕೊಡಬಹುದು, ಕೊಡಲೇಬೇಕು ಅಂತೀನಿ ನಾನು.

ಹೆರಿಗೆ ಡಾಕ್ಟರಿಗೆ, ಮಕ್ಕಳ ಡಾಕ್ಟರಿಗೆ ಯಾವ ಮಾತ್ರೆ, ಎಷ್ಟು ಡೋಸ್ ಅಂತ ಮೊದಲೇ ಹೇಳಿಡಿ, ಯಾಕಂದ್ರೆ ಗೊತ್ತಿಲ್ಲದೆ ಕೂಸಿಗೆ ನಾಲೊಕ್ಸೋನ್, ಅಂದ್ರೆ ಈ ಜಾತಿ ಮಾತ್ರೆಗಳ ಪರಿಣಾಮ ಒಮ್ಮೆಲೇ ಇಳಿಸೋ ಮದ್ದು, ಕೊಟ್ರೆ ಫಿಟ್ಸ್ ಬರಬಹುದು. ಮತ್ತೆ, ನಾಮಕರಣಕ್ಕೆ ದಿನ ಹತ್ರ ಬಂತು ಅಂತ ಡಿಸ್ಚಾರ್ಜ್‌ಗೆ ಅವಸರ ಮಾಡ್ಬೇಡಿ, ಕಡಿಮೆ ಅಂದ್ರೂ ನಾಲ್ಕರಿಂದ ಏಳು ದಿನ ಕೂಸು ಡಾಕ್ಟರ ಕಣ್ಣೆದುರೇ ಇರಲಿ.