ದ್ವೇಷವಿಲ್ಲದೆಯೂ ತಾರತಮ್ಯ ಇರುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಮ್ಯಾನೇಜರ್. ಇಂಟರ್‌ವ್ಯೂ ಮಾಡುವುದೂ ನನ್ನ ಕೆಲಸ. ಇತ್ತೀಚೆಗೆ ಒಂದು ಟ್ರೈನಿಂಗ್‌ನಲ್ಲಿ ‘ಅರಿವಿಲ್ಲದ ಜನಾಂಗೀಯ ತಾರತಮ್ಯ’ದ ಬಗ್ಗೆ ಹೇಳಿದರು. ಸ್ಟೀರಿಯೊಟೈಪ್ ಅನ್ನೋದಕ್ಕೇ ಇನ್ನೊಂದು ಹೆಸರು ಇಟ್ಟಿದ್ದಾರೆ ಅನ್ನಿಸಿತು. ಈಶಾನ್ಯ ರಾಜ್ಯದವರ ಮೇಲೆ ನನಗೆ ದ್ವೇಷವೇನೂ ಇಲ್ಲ. ಇದು ನನಗೂ ಅನ್ವಯಿಸುತ್ತದೆಯೇ?

ಉತ್ತರ: ಅನ್ವಯಿಸಬಹುದು. ದ್ವೇಷವಿಲ್ಲ ಎಂಬ ನಿಮ್ಮ ಮಾತನ್ನು ನಂಬುತ್ತೇನೆ. ಆದರೆ ಇಲ್ಲಿ ಅದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಸ್ಟೀರಿಯೊಟೈಪ್ ಅಂದರೆ ‘ಇಂಥವರೆಲ್ಲ ಹೀಗೇ’ ಎಂದು ತಲೆಯಲ್ಲಿ ಕೂತ ಚಿತ್ರ. ಜನಾಂಗದ ಬಗ್ಗೆಯೇ ಇರಬೇಕೆಂದಿಲ್ಲ. ಅತ್ತೆಯರು, ಆಟೋದವರು, ಸಾಫ್ಟ್‌ವೇರ್‌ನವರು, ಯಾರನ್ನೂ ನಾವು ಬಿಟ್ಟಿಲ್ಲ ಅಲ್ವಾ? ‘ಈಶಾನ್ಯದವರು ಚೆನ್ನಾಗಿ ಹಾಡ್ತಾರೆ’ ಎಂಬ ಹೊಗಳಿಕೆಯೂ ಅದೇ ಜಾತಿಯದು. ಪೂರ್ವಗ್ರಹ ಜಾಸ್ತಿ ಇದ್ದವರಿಗೂ ಕಡಿಮೆ ಇದ್ದವರಿಗೂ ಇಂಥ ಚಿತ್ರಗಳು ಒಂದೇ ರೀತಿ ಗೊತ್ತಿರುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಪ್ಯಾಟ್ರಿಷಿಯಾ ಡಿವೈನ್ 1989ರಲ್ಲಿ ತೋರಿಸಿದರು. ಗೊತ್ತಿದ್ದ ಮಾತ್ರಕ್ಕೆ ನಂಬಿದಂತಲ್ಲ.

ಅರಿವಿಲ್ಲದ ತಾರತಮ್ಯ ಕಾಣುವುದು ನಡವಳಿಕೆಯಲ್ಲಿ. ತಲೆಯಲ್ಲಿ ಯಾವ ಅಭಿಪ್ರಾಯವೂ ಓಡದೇ ಅದು ನಡೆದುಹೋಗಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 1974ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಿಳಿಯ ವಿದ್ಯಾರ್ಥಿಗಳು ಇಂಟರ್‌ವ್ಯೂ ಮಾಡಿದರು. ಎದುರಿಗೆ ಕಪ್ಪು ಹುಡುಗ ಬಂದಾಗ ಕುರ್ಚಿ ಸ್ವಲ್ಪ ದೂರ ಹಾಕಿಕೊಂಡರು, ಜಾಸ್ತಿ ತಡವರಿಸಿದರು, ಬೇಗ ಮುಗಿಸಿದರು. ಆಮೇಲೆ ಮಾಡಿದ್ದು ಇನ್ನೂ ಸ್ವಾರಸ್ಯ. ಹೀಗೇ ನಡೆದುಕೊಳ್ಳಲು ಕೆಲವರಿಗೆ ಕಲಿಸಿ, ಬಿಳಿಯ ಅಭ್ಯರ್ಥಿಗಳನ್ನು ಅವರ ಮುಂದೆ ಕೂರಿಸಿದರು. ಈ ಸಲ ಬಿಳಿಯರೇ ಗಾಬರಿಯಾದರು, ಉತ್ತರಗಳೂ ಸಪ್ಪೆಯಾದವು. ‘ಆತ್ಮವಿಶ್ವಾಸ ಸಾಲದು’ ಎಂದು ನೀವು ಬರೆಯುವ ಷರಾಕ್ಕೆ ನಿಮ್ಮ ಕುರ್ಚಿಯೇ ಕಾರಣವಾಗಿರಬಹುದು!

ಇನ್ನೊಂದು ವಿಷಯ. ಇದು ಹೆಚ್ಚಾಗಿ ನುಸುಳುವುದು ‘ಹೌದೋ ಅಲ್ಲವೋ’ ಎನ್ನುವಂಥ ಅಭ್ಯರ್ಥಿಗಳ ವಿಷಯದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೊವಿಡಿಯೊ ಮತ್ತು ಗಾರ್ಟ್ನರ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತೆ ಎದ್ದು ಕಾಣುವಂತಿದ್ದ ಕಪ್ಪು ಅಭ್ಯರ್ಥಿಗೆ ಅನ್ಯಾಯ ಆಗಲಿಲ್ಲ. ಅರ್ಹತೆ ಅಷ್ಟಕ್ಕಷ್ಟೇ ಇದ್ದಾಗ ಮಾತ್ರ ಬಿಳಿಯರ ಕಡೆ ತಕ್ಕಡಿ ವಾಲಿತು.

ಹಾಗಾಗಿ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ. ಉತ್ತರ ಮುಗಿದ ಕೂಡಲೇ ಅಂಕ ಬರೆಯಿರಿ. ಯಾರಿಗೆ ಎಷ್ಟು ನಿಮಿಷ ಕೊಟ್ಟಿರಿ ಎಂದೂ ಗುರುತು ಹಾಕಿಕೊಳ್ಳಿ. ಈಶಾನ್ಯದವರ ಅರ್ಜಿಯ ಮೇಲೆ ‘ನಮ್ಮ ಟೀಮಿಗೆ ಹೊಂದಲ್ಲ’ ಎಂದು ಬರೆದಿದ್ದರೆ, ಕಳೆದ ವರ್ಷ ಅಷ್ಟೇ ಅಂಕ ಪಡೆದ ಯಾರನ್ನು ತೆಗೆದುಕೊಂಡಿರಿ ಎಂದು ಫೈಲ್ ತೆಗೆದು ನೋಡಿ.